ವೈದ್ಯರೊಬ್ಬರೇ ದವಾಖಾನೆಯಲ್ಲ

ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರೆಂಬ ಸುದ್ದಿ 2025ರ ಜೂನ್ ತಿಂಗಳಲ್ಲಿ ಹರಡಿದಾಗ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಸಾವುಗಳ ಸಂಖ್ಯೆಯಲ್ಲಿ ಅಸಹಜ ಏರಿಕೆಯೇನೂ ಆಗಿಲ್ಲವೆಂದು ಸಮಿತಿ ಜುಲೈನಲ್ಲಿ ವರದಿ ನೀಡಿತು. ಆತಂಕ ತಣ್ಣಗಾಯಿತು. ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿಯಿತು. ಎದೆಯಲ್ಲಿ ಸಣ್ಣ ಕಳವಳ ಕಂಡ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೋ, ಹಳೇಬೀಡಿನ ರೈತನೋ ತನ್ನೂರಿನ ದವಾಖಾನೆಯನ್ನೂ ತಾಲ್ಲೂಕು ಆಸ್ಪತ್ರೆಯನ್ನೂ ದಾಟಿ, ನೂರು ಕಿಲೋಮೀಟರಿಗೂ ಮಿಕ್ಕ ದಾರಿ ಸವೆಸಿ ಮೈಸೂರಿಗೇ ಏಕೆ ಹೋಗಬೇಕು?

ವೈದ್ಯರ ಕೊರತೆ, ಯಂತ್ರೋಪಕರಣಗಳ ಕೊರತೆ ಎಂಬ ಸಿದ್ಧ ಉತ್ತರ ನಮ್ಮಲ್ಲಿದೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ನಮ್ಮ ಸಣ್ಣ ಪಟ್ಟಣಗಳ ದವಾಖಾನೆಗಳಲ್ಲಿ ನಾನು ಕಾಣುವ ದೊಡ್ಡ ಕೊರತೆ ತಂಡದ್ದು. ಒಬ್ಬ ವೈದ್ಯರು, ಚೀಟಿ ಬರೆಯಲು ಒಬ್ಬ ಹುಡುಗಿ, ಸೂಜಿ ಚುಚ್ಚಲು ಅನುಭವವನ್ನೇ ಅರ್ಹತೆಯಾಗಿಸಿಕೊಂಡ ಒಬ್ಬ ಸಹಾಯಕ. ವೈದ್ಯರೇ ಹೆಸರು ಕೇಳಬೇಕು, ತಾವೇ ರಕ್ತದೊತ್ತಡ ನೋಡಬೇಕು, ಹಳೆಯ ಚೀಟಿ ಹುಡುಕಬೇಕು, ಗುಳಿಗೆ ಯಾವಾಗ ನುಂಗಬೇಕೆಂದು ಹೇಳಬೇಕು. ಅವರು ಮದುವೆಗೆಂದು ಎರಡು ದಿನ ಊರು ಬಿಟ್ಟರೆ ದವಾಖಾನೆಗೆ ಬೀಗ.

ಲೆಕ್ಕ ಹಾಕಿ ನೋಡೋಣ. ಸಂತೆಯ ದಿನ ವೈದ್ಯರೊಬ್ಬರು ಐದು ಗಂಟೆಗಳಲ್ಲಿ ಅರವತ್ತು ರೋಗಿಗಳನ್ನು ನೋಡುತ್ತಾರೆಂದುಕೊಂಡರೆ ಒಬ್ಬರಿಗೆ ಸಿಗುವುದು ಐದು ನಿಮಿಷ. ಅದರಲ್ಲಿ ಎರಡು ನಿಮಿಷ ತೂಕ, ರಕ್ತದೊತ್ತಡ, ಹಳೆಯ ಚೀಟಿಗಳಲ್ಲಿ ಕಳೆದರೆ ದಿನಕ್ಕೆ ಎರಡು ಗಂಟೆ ಕಾಲವನ್ನು ವೈದ್ಯಶಾಸ್ತ್ರ ಓದದವರೂ ಮಾಡಬಹುದಾದ ಕೆಲಸಕ್ಕೆ ವ್ಯಯಿಸಿದಂತಾಯಿತು. ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿಯ ಕಾರ್ಖಾನೆಯ ನಿದರ್ಶನದಿಂದ ಶ್ರಮವಿಭಜನೆಯನ್ನು ವಿವರಿಸಿದ. ಅತಿ ವಿರಳವಾದ ಸಂಪನ್ಮೂಲವನ್ನು ಅದರಿಂದ ಮಾತ್ರ ಆಗುವ ಕೆಲಸಕ್ಕೆ ಮೀಸಲಿಡಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ನಮ್ಮ ತಾಲ್ಲೂಕುಗಳಲ್ಲಿ ವೈದ್ಯರ ಗಮನಕ್ಕಿಂತ ವಿರಳವಾದ ಸಂಪನ್ಮೂಲ ಯಾವುದಿದೆ?

ಈ ಪಾಠವನ್ನು ಕಾರ್ಯರೂಪಕ್ಕೆ ತಂದವರು ದೂರದಲ್ಲೇನೂ ಇಲ್ಲ. 1976ರಲ್ಲಿ ಮದುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಹನ್ನೊಂದು ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ, ಹಳ್ಳಿಯ ಯುವತಿಯರಿಗೆ ತರಬೇತಿ ನೀಡಿ ತಪಾಸಣೆಯ ಬಹುಪಾಲು ಕೆಲಸವನ್ನು ಅವರಿಗೆ ಒಪ್ಪಿಸಿತು. ಶಸ್ತ್ರಚಿಕಿತ್ಸಕರ ಕೈ ಶಸ್ತ್ರಚಿಕಿತ್ಸೆಗೆ ಮೀಸಲಾಯಿತು. ನಮ್ಮದೇ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಡಾ. ಎಚ್. ಸುದರ್ಶನ್ ಅವರು ಸೋಲಿಗ ಯುವತಿಯರನ್ನೇ ಆರೋಗ್ಯ ಸಹಾಯಕಿಯರನ್ನಾಗಿ ಸಿದ್ಧಗೊಳಿಸಿದ ಸಂಗತಿ ಕನ್ನಡಿಗರಿಗೆ ತಿಳಿಯದ್ದಲ್ಲ. 2017ರಲ್ಲಿ ಆರಂಭವಾದ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವೂ ತಂಡದ ಆರೈಕೆಯನ್ನು ತನ್ನ ಐದು ಆಧಾರಗಳಲ್ಲಿ ಒಂದಾಗಿ ಎಣಿಸಿದೆ.

ಆದರೆ ಕೆಲಸ ಹಂಚಿದ ಮಾತ್ರಕ್ಕೆ ತಂಡವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು ಹತ್ತೊಂಬತ್ತು ಅಂಶಗಳ ಒಂದು ತಪಶೀಲು ಪಟ್ಟಿಯನ್ನು ಹೊರತಂದಿತು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪ್ರಯೋಗಿಸಿದಾಗ ಮರಣ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಆ ಪಟ್ಟಿಯಲ್ಲಿ ದುಬಾರಿ ಯಂತ್ರವೇನೂ ಇಲ್ಲ. ಕೊಯ್ಯುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕೆಂಬುದು ಅದರ ಒಂದು ಅಂಶ. ಒಮ್ಮೆ ಹೆಸರು ಹೇಳಿದ ಶುಶ್ರೂಷಕಿ, ತಪ್ಪು ಕಂಡಾಗ ಬಾಯಿ ತೆರೆಯಲು ಹಿಂಜರಿಯುವುದಿಲ್ಲ. ಆಡಳಿತ ಸೇವೆಯಲ್ಲಿ ನಾನು ಕಂಡದ್ದೂ ಇದೇ. ಕಡತದ ದೋಷ ಮೊದಲು ಗೊತ್ತಾಗುವುದು ಗುಮಾಸ್ತನಿಗೆ. ಕೇಳುವ ಅಭ್ಯಾಸ ಮೇಲಿನವರಿಗೆ ಇಲ್ಲದಿದ್ದರೆ ಅದು ಅವನ ಮೇಜಿನಲ್ಲೇ ಉಳಿಯುತ್ತದೆ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳಿವೆ. ಕಟ್ಟಿಸಿದ ವಿಷ್ಣುವರ್ಧನನ ಹೆಸರಿನ ಜೊತೆಗೆ ಕಡೆದವರ ಹೆಸರಿಗೂ ಆ ಕಾಲ ಜಾಗ ಕೊಟ್ಟಿತ್ತು. ನಮ್ಮ ದವಾಖಾನೆಯ ಫಲಕದಲ್ಲಿ ಮಾತ್ರ ಇಂದಿಗೂ ಒಂದೇ ಹೆಸರು.

ತಂಡದ ಬೆಲೆ ತಿಳಿಯುವುದು ಎದೆನೋವಿನ ರೋಗಿ ಬಾಗಿಲಿಗೆ ಬಂದಾಗ. ರಾಜ್ಯದಲ್ಲಿ 2023ರಿಂದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಾರಿಯಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಆದರೆ ರೋಗಿ ಮೊದಲು ಹೋಗುವುದು ಪರಿಚಯದ ಖಾಸಗಿ ದವಾಖಾನೆಗೆ. ಅಲ್ಲಿ ಚೀಟಿ ಬರೆಯುವವಳು ‘ಗ್ಯಾಸ್ಟ್ರಿಕ್ ಇರಬೇಕು, ಇಪ್ಪತ್ತೆರಡನೇ ನಂಬರು, ಕೂತುಕೊಳ್ಳಿ’ ಎಂದರೆ ಮೊದಲ ಗಂಟೆ ಬೆಂಚಿನ ಮೇಲೆಯೇ ಕಳೆದುಹೋಗುತ್ತದೆ. ಬೆವರುತ್ತ ಎದೆ ಹಿಡಿದು ಬಂದವರಿಗೆ ಸರದಿಯಿಲ್ಲ, ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಇಲ್ಲಿ ಯಂತ್ರವಿಲ್ಲದಿದ್ದರೆ ಕೂಡಲೇ 108ಕ್ಕೂ ತಾಲ್ಲೂಕು ಆಸ್ಪತ್ರೆಗೂ ಕರೆ ಹೋಗಬೇಕು ಎಂಬುದು ಅವಳಿಗೆ ತಿಳಿದಿದ್ದರೆ, ವೈದ್ಯರು ತಲೆಯೆತ್ತುವ ಮೊದಲೇ ಜೀವ ಉಳಿಸುವ ಕೆಲಸ ಆರಂಭವಾಗಿರುತ್ತದೆ.

ಹೀಗಾಗಿ ಸಣ್ಣ ದವಾಖಾನೆಯ ತಂಡ ಎಂದರೆ ಸಂಬಳದ ಪಟ್ಟಿಯಷ್ಟೇ ಅಲ್ಲ. ಒಳಗಿನ ಮೂವರು ನಾಲ್ವರ ಜೊತೆಗೆ ಔಷಧಿ ಅಂಗಡಿಯವರು, ಪ್ರಯೋಗಾಲಯದವರು, ಊರಿನ ಆಶಾ ಕಾರ್ಯಕರ್ತೆ, 108ರ ಸಿಬ್ಬಂದಿ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಎಲ್ಲರೂ ಅದಕ್ಕೆ ಸೇರಿದವರು. ಸಕ್ಕರೆ ಕಾಯಿಲೆಯ ರೋಗಿ ಎರಡು ತಿಂಗಳಿಂದ ಗುಳಿಗೆ ಒಯ್ದಿಲ್ಲವೆಂಬುದು ಅಂಗಡಿಯವರಿಗೆ ಗೊತ್ತು; ಏಕೆ ಒಯ್ದಿಲ್ಲವೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತು; ಗೊತ್ತಿಲ್ಲದಿರುವುದು ವೈದ್ಯರಿಗೆ ಮಾತ್ರ. ಈ ಮೂವರ ನಡುವೆ ಒಂದು ದೂರವಾಣಿ ಕರೆಯ ರೂಢಿ ಬೆಳೆದರೆ ಅದೇ ದೊಡ್ಡ ಸುಧಾರಣೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಖರ್ಚು. ತರಬೇತಿ ಪಡೆದ ಶುಶ್ರೂಷಕಿಗೆ ಸಂಬಳ ಕೊಡುವಷ್ಟು ಆದಾಯ ಹಳೇಬೀಡಿನಂಥ ಹೋಬಳಿ ಕೇಂದ್ರದ ವೈದ್ಯರಿಗೆ ಇಲ್ಲದಿರಬಹುದು. ಕಲಿಸಿದ ಮೇಲೆ ಆಕೆ ಹಾಸನಕ್ಕೋ ಬೆಂಗಳೂರಿಗೋ ಹೊರಡಲೂಬಹುದು. ನಿಜ. ಆದರೆ ನಾಲ್ವರು ವೈದ್ಯರು ಸೇರಿ ಒಂದು ಪ್ರಯೋಗಾಲಯ, ಒಂದು ಇಸಿಜಿ ಯಂತ್ರ, ಇಬ್ಬರು ಶುಶ್ರೂಷಕಿಯರನ್ನು ಹಂಚಿಕೊಳ್ಳಲು ಅಡ್ಡಿಯೇನು? 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ಇದು. ಒಬ್ಬರು ಊರಿನಲ್ಲಿಲ್ಲದಾಗ ಇನ್ನೊಬ್ಬರು ರೋಗಿಗಳನ್ನು ನೋಡುವ ಏರ್ಪಾಡೂ ಇದರಿಂದ ಸಾಧ್ಯ. ಇನ್ನು ಸಿಬ್ಬಂದಿ ಬಿಟ್ಟುಹೋಗುವುದು ಹಣಕ್ಕಾಗಿ ಮಾತ್ರವಲ್ಲ. ವಾರದ ರಜೆ, ಭವಿಷ್ಯನಿಧಿ, ರೋಗಿಯೆದುರು ಗದರಿಸದ ಮರ್ಯಾದೆ, ಇವೂ ಸಂಬಳದ ಭಾಗವೇ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ತಂಡದ ಹೆಸರಿನಲ್ಲಿ ಅರ್ಹತೆಯಿಲ್ಲದವರ ಕೈಗೆ ಚಿಕಿತ್ಸೆ ಹೋಗಬಾರದು. ಕೆಲಸ ಹಂಚುವುದೆಂದರೆ ಹೊಣೆ ಜಾರಿಸುವುದಲ್ಲ. ಅಳೆಯುವುದು, ದಾಖಲಿಸುವುದು, ವಿವರಿಸಿ ಹೇಳುವುದು, ನೆನಪಿಸುವುದು ಸಹಾಯಕರದು. ರೋಗನಿರ್ಣಯ ಮತ್ತು ಔಷಧಿ ಬರೆಯುವುದು ವೈದ್ಯರದು. ಈ ಗೆರೆಯನ್ನು ಬರಹದಲ್ಲಿಟ್ಟು ಗೋಡೆಗೆ ಹಾಕಿದರೆ ಸಿಬ್ಬಂದಿಗೂ ರೋಗಿಗೂ ಒಳಿತು.

ಸರ್ಕಾರ ಮಾಡಬೇಕಾದ ಕೆಲಸವೂ ಇದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ದವಾಖಾನೆಗಳ ನೋಂದಣಿಯಾಗುತ್ತದೆ. ನೋಂದಾಯಿತ ದವಾಖಾನೆಗಳ ಸಹಾಯಕರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಕ್ಕೆರಡು ದಿನ ತುರ್ತುಚಿಕಿತ್ಸೆಯ ತರಬೇತಿ ಕೊಡಲು ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ವೈದ್ಯರು ಮಾಡಬೇಕಾದದ್ದು ಇನ್ನೂ ಸುಲಭ: ವಾರಕ್ಕೊಮ್ಮೆ ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು ತಮ್ಮವರನ್ನೆಲ್ಲ ಕೂರಿಸಿ, ಕಳೆದ ವಾರ ಎಲ್ಲಿ ತಡವಾಯಿತು, ಯಾರು ಮರಳಿ ಬರಲಿಲ್ಲ ಎಂದು ಕೇಳುವುದು, ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು.