ಕಿಟಾವಾ ದ್ವೀಪದ ಊಟ ಮತ್ತು ಡಾ. ಲಿಂಡೆಬರ್ಗ್

ಪೂರ್ವಜರ ಆಹಾರವೆಂದೊಡನೆ ಹೆಚ್ಚಿನವರು ಬೇಟೆಯ ಮಾಂಸವನ್ನೇ ನೆನೆಯುತ್ತಾರೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ವೈದ್ಯ ಸ್ಟಾಫನ್ ಲಿಂಡೆಬರ್ಗ್ ಕಂಡದ್ದು ಬೇರೆಯೇ. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ 1990ರ ಸುಮಾರಿಗೆ ಅವರು ಅಧ್ಯಯನ ನಡೆಸಿದರು. ಅಲ್ಲಿನವರ ಊಟ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ಧಾನ್ಯ, ಸಕ್ಕರೆ, ಹಾಲು ಇಲ್ಲವೆಂಬಷ್ಟು ಕಡಿಮೆ. ಜನರನ್ನು ವಿಚಾರಿಸಿದರೂ, ಇಸಿಜಿ ತೆಗೆದು ನೋಡಿದರೂ ಹೃದಯಾಘಾತ, ಪಾರ್ಶ್ವವಾಯುಗಳ ಸುಳಿವು ಸಿಗಲಿಲ್ಲವೆನ್ನಬಹುದು. ಹೆಚ್ಚಿನವರು ಧೂಮಪಾನಿಗಳು! (ತಂಬಾಕಿಗೆ ಇದು ಪ್ರಮಾಣಪತ್ರವಲ್ಲ.)

ಆದರೆ ಕಾರಣ ಊಟವೋ, ದುಡಿಮೆಯೋ? ಪರೀಕ್ಷಿಸಲು ಅವರು ಸ್ವೀಡನ್ನಿನಲ್ಲಿ, ಹೃದ್ರೋಗವೂ ಸಕ್ಕರೆಯ ತೊಂದರೆಯೂ ಇದ್ದ 29 ಮಂದಿಯನ್ನು ಎರಡು ಗುಂಪು ಮಾಡಿದರು. ತೀರಾ ಚಿಕ್ಕ ಪ್ರಯೋಗ. ಇದನ್ನು ನಂಬಿ ಮಾತ್ರೆ ಬಿಡುವಂತಿಲ್ಲ. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, 12 ವಾರಗಳಲ್ಲಿ ಪೂರ್ವಜರ ಆಹಾರ ಸೇವಿಸಿದವರ ರಕ್ತದ ಸಕ್ಕರೆ ಮೆಡಿಟರೇನಿಯನ್ ಮಾದರಿಯ ಊಟದವರಿಗಿಂತ ಹೆಚ್ಚು ಇಳಿದಿತ್ತು.