ಹೊಟ್ಟೆಯೊಳಗಿನ ಕೂಸಿಗೆ ರಕ್ತ ಎಲ್ಲಿಂದ ಬರುತ್ತದೆ?



ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಐದು ತಿಂಗಳ ಗರ್ಭಿಣಿಯೊಬ್ಬರು ಕಬ್ಬಿಣದ ಮಾತ್ರೆ ನುಂಗುತ್ತಿಲ್ಲ ಎಂದು ತಿಳಿಯಿತು. "ಹೊಟ್ಟೆ ತೊಳಸುತ್ತೆ ಸಿಸ್ಟರ್. ಹೇಗೂ ಮಗೂಗೆ ಹೋಗೋದು ನನ್ನ ರಕ್ತಾನೇ ಅಲ್ವಾ, ಮತ್ತೆ ಮಾತ್ರೆ ಯಾಕೆ?" ಎಂದರು. ಕೂತಿದ್ದ ಹಲವರು ಹೌದೆಂದು ತಲೆಯಾಡಿಸಿದರು. ಆದ್ದರಿಂದ ಈ ಸಲ ಇದನ್ನೇ ತಿಳಿಯೋಣ.

ತಾಯಿಯ ರಕ್ತ ಮಗುವಿನ ಮೈಯಲ್ಲಿ ಹರಿಯುವುದಿಲ್ಲ. ಮಾಸಿನೊಳಗೆ ಎರಡೂ ರಕ್ತ ಹತ್ತಿರ ಬರುತ್ತವೆ, ಆದರೆ ನಡುವೆ ತೆಳುವಾದ ಪೊರೆ ಇರುತ್ತದೆ. ಅದನ್ನು ದಾಟಿ ಆಮ್ಲಜನಕ, ಆಹಾರದ ಸಾರ, ಕಬ್ಬಿಣದ ಅಂಶ ಹೋಗುತ್ತವೆ. ರಕ್ತವನ್ನು ಮಗು ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೇ ತಾಯಿಯ ರಕ್ತದ ಗುಂಪು ಒಂದು, ಮಗುವಿನದು ಇನ್ನೊಂದು ಇರಬಹುದು.

ರಕ್ತ ತಯಾರಾಗುವ ಜಾಗಗಳು

ಗರ್ಭ ಕಟ್ಟಿದ ಮೂರನೇ ವಾರದಲ್ಲೇ ಈ ಕೆಲಸ ಶುರು. ಆಗ ತಾಯಿಗೆ ಮುಟ್ಟು ತಪ್ಪಿ ಕೆಲವೇ ದಿನ ಆಗಿರುತ್ತದೆ. ಭ್ರೂಣಕ್ಕೆ ಅಂಟಿಕೊಂಡ ಪುಟ್ಟ ಚೀಲವೊಂದರಲ್ಲಿ ಮೊದಲ ರಕ್ತಕೋಶಗಳು ಹುಟ್ಟುತ್ತವೆ.

ನಾಲ್ಕು-ಐದನೇ ವಾರದ ಹೊತ್ತಿಗೆ ಭ್ರೂಣದ ದೊಡ್ಡ ರಕ್ತನಾಳದ ಗೋಡೆಯಲ್ಲಿ 'ಮೂಲಕೋಶ'ಗಳು ಮೂಡುತ್ತವೆ. ನಾವು ಹೆಪ್ಪಿಗೆಂದು ಸ್ವಲ್ಪ ಮೊಸರು ಉಳಿಸಿಕೊಳ್ಳುತ್ತೇವಲ್ಲ, ಹಾಗೆ ಇವು ಬಗೆಬಗೆಯ ರಕ್ತಕೋಶ ತಯಾರಿಸುತ್ತಲೇ ತಮ್ಮಂಥ ಕೋಶಗಳನ್ನೂ ಉಳಿಸಿಕೊಳ್ಳುತ್ತವೆ. ಇವು ಮೊದಲು ಲಿವರ್‌ಗೆ ಹೋಗಿ ನೆಲೆಸುತ್ತವೆ. ಸುಮಾರು ಆರು ತಿಂಗಳವರೆಗೆ ಲಿವರ್ರೇ ರಕ್ತದ ಮುಖ್ಯ ಕಾರ್ಖಾನೆ. ಏಳನೇ ತಿಂಗಳ ಹೊತ್ತಿಗೆ ಆ ಕೆಲಸ ಮೂಳೆಯೊಳಗಿನ ಮಜ್ಜೆಗೆ ವರ್ಗವಾಗಿ, ಜೀವಮಾನವಿಡೀ ಅಲ್ಲೇ ನಡೆಯುತ್ತದೆ.

ಕಾವಲುಗಾರರ ತರಬೇತಿ

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಇದೇ ಮೂಲಕೋಶಗಳ ಮಕ್ಕಳು. ಅವುಗಳಲ್ಲಿ ಕೆಲವು ಎದೆಗೂಡಿನ ಥೈಮಸ್ ಗ್ರಂಥಿಗೆ ಹೋಗಿ ತರಬೇತಿ ಪಡೆಯುತ್ತವೆ. ನಮ್ಮವರು ಯಾರು, ಹೊರಗಿನವರು ಯಾರು ಎಂದು ಗುರುತಿಸುವುದೇ ಅಲ್ಲಿನ ಪಾಠ. ಸ್ವಂತ ದೇಹದ ಮೇಲೇ ಎರಗುವಂಥ ಹೆಚ್ಚಿನ ಕಣಗಳನ್ನು ಅಲ್ಲೇ ತೆಗೆದುಹಾಕಲಾಗುತ್ತದೆ.

ಆದರೂ ಹುಟ್ಟಿದ ಮಗುವಿನ ಕಾವಲುಗಾರರಿಗೆ ಅನುಭವ ಕಡಿಮೆ. ಕೊನೆಯ ಮೂರು ತಿಂಗಳಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಮಾಸಿನ ಮೂಲಕ ಮಗುವಿಗೆ ಹೆಚ್ಚಾಗಿ ಸೇರುತ್ತವೆ. ಗರ್ಭಿಣಿಗೆ ಟಿಡಿ ಚುಚ್ಚುಮದ್ದು ಕೊಡುವುದು ಇದೇ ಕಾರಣಕ್ಕೆ; ಅದು ತಾಯಿ-ಮಗು ಇಬ್ಬರನ್ನೂ ಧನುರ್ವಾಯುವಿನಿಂದ ಕಾಯುತ್ತದೆ. ಹೆರಿಗೆಯಾದ ಮೇಲೆ ಬರುವ ಗಿಣ್ಣುಹಾಲೂ ಅಂಥದ್ದೇ ರಕ್ಷಣೆ. ಅದನ್ನು ಹಿಂಡಿ ಚೆಲ್ಲಬೇಡಿ.

ನಾವು ಮಾಡಬೇಕಾದ್ದು

ಕಾರ್ಖಾನೆ ಮಗುವಿನದು, ಕಚ್ಚಾ ಸಾಮಾನು ತಾಯಿಯದು. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಇದರಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗು ಕಡಿಮೆ ತೂಕವಿರುವ, ತಾಯಿಯ ಜೀವಕ್ಕೇ ಅಪಾಯವಾಗುವ ಸಂಭವ ಹೆಚ್ಚು.

- ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್ ಮಾತ್ರೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, 180 ದಿನ. ಹೆರಿಗೆಯ ನಂತರ ಮತ್ತೆ 180 ದಿನ.
- ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ. ನಿಂಬೆರಸ ಒಳ್ಳೆಯದು.
- ಮಲ ಕಪ್ಪಾದರೆ ಹೆದರಬೇಡಿ. ಮಾತ್ರೆಯಿಂದ ಮಗು ಕಪ್ಪಾಗುವುದಿಲ್ಲ.
- ನುಗ್ಗೆಸೊಪ್ಪು, ರಾಗಿ, ಹುರುಳಿ, ಮೊಟ್ಟೆ, ಮೀನು ಊಟದಲ್ಲಿರಲಿ.
- ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ನೋಡಿ. 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಾಯಿಯ ಗರ್ಭದಲ್ಲೇ ದೇವರು ನಮ್ಮನ್ನು ರೂಪಿಸುತ್ತಾರೆಂದು ನಾವು ನಂಬುತ್ತೇವೆ. ಆ ಕೆಲಸಕ್ಕೆ ಬೇಕಾದ ಸಾಮಾನು ಒದಗಿಸುವುದು ನಮ್ಮ ಪಾಲು. ಆ ಸಹೋದರಿ ಈಗ ರಾತ್ರಿ ಊಟದ ಮೇಲೆ ಮಾತ್ರೆ ನುಂಗುತ್ತಿದ್ದಾರೆ. ನೆನಪು ಮಾಡುವ ಜವಾಬ್ದಾರಿ ಅವರ ಅತ್ತೆಯದು. ನಿಮ್ಮ ಸಂಘದಲ್ಲಿ ಗರ್ಭಿಣಿಯರು ಯಾರಿದ್ದಾರೆ? ಅವರು ಮಾತ್ರೆ ನುಂಗುತ್ತಿದ್ದಾರಾ? ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವ ಮೊದಲು ಇದನ್ನು ಕೇಳಿ.