ತೂತು ಮಡಕೆಯ ಸಂತತಿ

ತಳ ತೂತಾದ ಮಡಕೆ ನಮ್ಮ ಕಣ್ಣಿಗೆ ಕೆಲಸಕ್ಕೆ ಬಾರದ್ದು. ಆದರೆ ಯಾರೋ ಒಬ್ಬರು ಬೇಕೆಂದೇ ಮಡಕೆಯ ತಳಕ್ಕೆ ತೂತು ಕೊರೆದು, ಕುದಿಯುವ ಇನ್ನೊಂದು ಮಡಕೆಯ ಮೇಲೆ ಕೂರಿಸಿದರು. ಚೀನಾದ ಹೆಮುಡುವಿನಲ್ಲಿ ಸಿಕ್ಕ ಅಂಥ ಮಣ್ಣಿನ ಪಾತ್ರೆಗಳಿಗೆ 6,000 ವರ್ಷಕ್ಕೂ ಮೀರಿದ ವಯಸ್ಸು. ಅನ್ಯಾಂಗ್‌ನಲ್ಲಿ 1976ರಲ್ಲಿ ತೆರೆದ ರಾಣಿ ಫು ಹಾವೊಳ ಸಮಾಧಿಯಲ್ಲಂತೂ ಒಂದೇ ಕಂಚಿನ ಒಲೆಪೆಟ್ಟಿಗೆಯ ಮೇಲೆ ಸಾಲಾಗಿ ಮೂರು ಹಬೆಪಾತ್ರೆಗಳಿದ್ದವು. ಇಂದು ಅಂಗಡಿಯಲ್ಲಿ ಕಾಣುವ ಮೂರಂತಸ್ತಿನ ಸ್ಟೀಮರಿನ ಹಿರಿಯಕ್ಕ ಅದು.

ನಮ್ಮಲ್ಲಿ? 920ರ ಸುಮಾರಿನ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. ಆಹಾರ ಚರಿತ್ರೆಯನ್ನು ಆಳವಾಗಿ ಅಗೆದ ಕೆ.ಟಿ. ಅಚಯ ಅವರು, ಹಳೆಯ ವರ್ಣನೆಗಳಲ್ಲಿ ಹಬೆಯ ಮಾತೇ ಇಲ್ಲವೆಂದು ತೋರಿಸಿ, ಆ ವಿದ್ಯೆ ಹೊರಗಿನಿಂದ ಬಂದಿರಬಹುದೆಂದು ಊಹಿಸಿದರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿದರೂ ಹಬೆಯಲ್ಲಿ ಬೇಯಿಸಬಹುದು. ಬಟ್ಟೆ ಮಣ್ಣಿನಲ್ಲಿ ಉಳಿಯುವುದಿಲ್ಲ, ಅಗೆದವರಿಗೆ ಸಿಗುವುದೂ ಇಲ್ಲ.

ಮುಂದೆ ಪ್ರತಿ ಸೀಮೆಯೂ ತನ್ನ ಪಾತ್ರೆಗೆ ತನ್ನದೇ ಹೆಸರಿಟ್ಟಿತು. ಕೊಡಗಿನಲ್ಲಿ ಕಡಂಬುಟ್ಟು ಬೇಯುವುದು ಸೆಕಲಾದಲ್ಲಿ. ಹವ್ಯಕರಿಗೆ ಅಟ್ಟಿನಳಗೆ, ಮಂಗಳೂರು ಕಡೆ ತೊಂದೂರು. ಗಮನಿಸಿ, ಇವುಗಳೊಳಗೆ ಹೋಗಿದ್ದು ಹೆಚ್ಚಾಗಿ ಅಕ್ಕಿ, ಬೇಳೆ. ಸೊಪ್ಪು ಹೋದರೂ ಅವುಗಳ ಜೊತೆಗೇ ಹೋಗಬೇಕಿತ್ತು: ಕೆಸುವಿನೆಲೆ ಪತ್ರೊಡೆಯಾಗಿ, ಸಬ್ಬಸಿಗೆ ನುಚ್ಚಿನುಂಡೆಯಾಗಿ. ಬರೀ ಬೀನ್ಸನ್ನೋ ಕ್ಯಾರೆಟ್ಟನ್ನೋ ಹಬೆಗೆ ಇಡುವುದು ನಮ್ಮ ಮನೆಗಳಿಗೆ ಹೊಸದು.

ಆ ಹೊಸತನಕ್ಕೆ ಕಾರಣ ತಿಳಿಯಬೇಕಾದರೆ ಬೀಟ್ರೂಟ್ ಬೇಯಿಸಿದ ನೀರನ್ನು ನೋಡಿದರೆ ಸಾಕು. ಬಣ್ಣ ಇಳಿದಂತೆಯೇ ಸಿ ಜೀವಸತ್ವವೂ ಫೋಲೇಟೂ ನೀರಿಗಿಳಿಯುತ್ತವೆ. ಆ ನೀರು ಸಾರಿಗೆ ಹೋದರೆ ಸರಿ, ಮೋರಿಗೆ ಹೋದರೆ ನಷ್ಟ. ಹಬೆಯಲ್ಲಿ ತರಕಾರಿ ಮುಳುಗುವುದೇ ಇಲ್ಲ. ಹಾಗೆಂದು ಬೇಯುವುದಕ್ಕೆ ಶಾಖ ಕಡಿಮೆಯೇನಲ್ಲ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು 100 ಕ್ಯಾಲೊರಿ ಬೇಕು. ಅಷ್ಟೇ ಹಬೆ ತರಕಾರಿಯ ಮೈಮೇಲೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಹಬೆ ತಗುಲಿದ ಬೆರಳು ಅಷ್ಟು ಉರಿಯುವುದು ಇದಕ್ಕೇ.

ಕುಕ್ಕರ್ ಬಂದ ಮೇಲೆ ಹಬೆಗೆ ಒತ್ತಡ ಸೇರಿತು, ಶಾಖ 120 ಡಿಗ್ರಿಯ ಹತ್ತಿರ ಏರಿತು. ತೊಗರಿಬೇಳೆಗೆ ಅದು ವರ. ಎಳೆ ಬೀನ್ಸಿಗೆ ಒಂದೇ ಸೀಟಿಯೂ ಹೆಚ್ಚು. ಆಮೇಲೆ ಬಂದ ವಿದ್ಯುತ್ ಸ್ಟೀಮರು ಒತ್ತಡ ಬಿಟ್ಟು ಮತ್ತೆ ತೂತಿನ ತಟ್ಟೆಗೇ ಮರಳಿತು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಾನು ಮೊದಲು ನೋಡುವುದು ಮುಚ್ಚಳವನ್ನು. ಇಡ್ಲಿ ಪಾತ್ರೆಯ ಮುಚ್ಚಳ ಗುಮ್ಮಟದಂತೆ ಉಬ್ಬಿದ್ದರೆ, ತಣಿದ ಹನಿ ಅಂಚಿಗೆ ಜಾರಿ ಕೆಳಗಿಳಿಯುತ್ತದೆ. ಚಪ್ಪಟೆ ಮುಚ್ಚಳದಿಂದ ನೇರವಾಗಿ ತರಕಾರಿಯ ಮೇಲೆ ತೊಟ್ಟಿಕ್ಕಿ ಅದನ್ನು ಪಿಚ್ಚಗೆ ಮಾಡುತ್ತದೆ. ಚೀನೀಯರ ಬಿದಿರಿನ ಮುಚ್ಚಳ ಹನಿಯನ್ನೇ ಹೀರಿಕೊಳ್ಳುತ್ತದೆ. ನಾವು ಮುಚ್ಚಳಕ್ಕೆ ಬಟ್ಟೆ ಸುತ್ತುವುದೂ ಅದಕ್ಕೇ. ಎರಡನೆಯದು ನೀರಿನ ಜಾಗ. ತಟ್ಟೆಗೂ ನೀರಿಗೂ ನಡುವೆ ಎರಡು ಬೆರಳಾದರೂ ಅಂತರ ಬೇಕು, ಇಲ್ಲವಾದರೆ ನೀರು ಉಕ್ಕಿ ಕೆಳಗಿನ ಹೋಳುಗಳು ಬೆಂದ ಹಾಗಲ್ಲ, ನೆನೆದ ಹಾಗಾಗುತ್ತವೆ.

ಇಂಡಕ್ಷನ್ ಒಲೆಯ ಮೇಲೆ ಬರೀ ಅಲ್ಯೂಮಿನಿಯಂ ಪಾತ್ರೆ ಬಿಸಿಯಾಗುವುದಿಲ್ಲ, ಅಯಸ್ಕಾಂತ ಅಂಟುವ ತಳವೇ ಬೇಕು. ವಿದ್ಯುತ್ ಸ್ಟೀಮರಾದರೆ ಬೋರ್‌ವೆಲ್ಲಿನ ಗಡಸು ನೀರು ಕಾಯಿಸುವ ತಟ್ಟೆಗೆ ಬಿಳಿ ಪೊರೆ ಕಟ್ಟುತ್ತದೆ. ಆಗಾಗ ನಿಂಬೆರಸ ಹಾಕಿ ಕುದಿಸಬೇಕು. ಮೇಲಂತಸ್ತಿನ ಹನಿ ಕೆಳಕ್ಕೆ ಇಳಿಯುವುದರಿಂದ ಬೀಟ್ರೂಟ್ ಯಾವಾಗಲೂ ಕೆಳಗೇ ಇರಲಿ. ಅದು ಬೇಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ಕೆಳಗಿನ ಬಿರುಸು ಹಬೆಯೂ ಅದಕ್ಕೇ ಸಲ್ಲಬೇಕು.

ಮನೆಯಲ್ಲಿ ಒಳ್ಳೆಯ ಇಡ್ಲಿ ಪಾತ್ರೆ ಇದ್ದವರು ಹೊಸದನ್ನು ಕೊಳ್ಳಬೇಕಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗುಳಿತಟ್ಟೆ ತೆಗೆದು ತೂತಿನ ತಟ್ಟೆ ಇಟ್ಟರಾಯಿತು. ಹೋಳುಗಳನ್ನು ಒಂದೇ ಅಳತೆಗೆ ಹೆಚ್ಚಿ, ಹಬೆ ಹಾಯಲು ಸಂದಿ ಬಿಟ್ಟು ಹರಡಿ. ಸೊಪ್ಪಿಗೆ ಎರಡು ಮೂರು ನಿಮಿಷ, ಬೀನ್ಸಿಗೆ ಏಳೆಂಟು. ನೀರಿಗೆ ತೊಳೆದ ನಾಣ್ಯವೊಂದನ್ನು ಹಾಕಿಡಿ. ನೀರು ಕುದಿಯುವಷ್ಟು ಹೊತ್ತೂ ಅದು ತಳದಲ್ಲಿ ಕಟಕಟ ಎನ್ನುತ್ತಿರುತ್ತದೆ. ಸದ್ದು ನಿಂತಿತೋ, ಕೈಯಲ್ಲಿರುವ ಕೆಲಸ ಬಿಟ್ಟು ಓಡಿಬನ್ನಿ.